ಪಾತಾಳಗರಡಿ ಮತ್ತು ಮುಪ್ಪಣ್ಣನ ಚಪ್ಪಲಿ

ಬಾವಿಗೆ ಬಿದ್ದೇ ಇಲ್ಲ. ಆದರೂ ಬಾವಿಯ ತಳದಲ್ಲಿ ಕೊಕ್ಕೆಗೆ ತಾಗಿತು. ಏನದು?

ಯೋಚಿಸಿ ನೋಡಿ. ಹೊಳೆಯೋದಿಲ್ಲ. ಮುಪ್ಪಣ್ಣನಂಥ ಮುಪ್ಪಣ್ಣನಿಗೇ ಹೊಳೆಯಲಿಲ್ಲ.

ಮುಪ್ಪಣ್ಣ, ಅಡವಯ್ಯ ಗುರುಗಳ ಶಿಷ್ಯ. ಹೊಳೆದಂಡೆಯ ಆಶ್ರಮದಲ್ಲಿ ಎಲ್ಲರಿಗಿಂತ ಮೊದಲು ಏಳುವವನು, ಎಲ್ಲರಿಗಿಂತ ನೆಟ್ಟಗೆ ಕೂರುವವನು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಬಂದು ಆರು ವರ್ಷ ತುಂಬಿದ ದಿನ, ಊಟವಾದ ಮೇಲೆ, ಅವನು ಬಾವಿಕಟ್ಟೆಯ ಬಳಿ ಗಂಟು ಕಟ್ಟತೊಡಗಿದ.

"ಎಲ್ಲಿಗೋ?" ಎಂದರು ಗುರುಗಳು.

"ಮನೆಗೆ ಬುದ್ಧಿ. ನಿಷ್ಠೆಯಿಂದ ಹುಡುಕಿದವನಿಗೆ ದೇವರು ತಾನೇ ಗುರುತು ಕೊಡ್ತಾನೆ ಅಂದಿದ್ರಿ. ನನ್ನಷ್ಟು ನಿಷ್ಠೆಯಿಂದ ಹುಡುಕಿದವನನ್ನ ಒಬ್ಬನನ್ನ ತೋರಿಸಿ. ದೇವರು ಇದ್ದಿದ್ರೆ, ನನಗೆ ಸಿಗದೆ ಇನ್ಯಾರಿಗೆ ಸಿಗ್ತಿದ್ದ?"

ಗುರುಗಳು ಶಾಲು ಹೊದ್ದುಕೊಂಡರು.

ಮುಪ್ಪಣ್ಣ ಗಂಟಿನ ಮೇಲೆ ಬಗ್ಗಿದ. ಬೆನ್ನ ಹಿಂದೆ ಬಾವಿಯಲ್ಲಿ ಗುಳುಂ ಎಂದಿತು.

"ನನ್ನ ಹಿತ್ತಾಳೆ ತಂಬಿಗೆ ಕಾಣ್ತಿಲ್ಲವಲ್ಲೋ! ಅದೊಂದು ಹುಡುಕಿಕೊಟ್ಟು ಹೋಗು, ಮಗಾ."

ಬಾವಿಗೆ ಬಿದ್ದ ಕೊಡ, ತಂಬಿಗೆ ತೆಗೆಯುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಆ ಊರಿಗೆಲ್ಲ ಇದ್ದದ್ದು ಒಂದೇ. ಹೊನ್ನಜ್ಜಿಯ ಮನೆಯಲ್ಲಿ. ಏನಾದರೂ ಒತ್ತೆ ಇಡಿಸಿಕೊಳ್ಳದೆ ಅಜ್ಜಿ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ.

ಮುಪ್ಪಣ್ಣ ಜಪಮಾಲೆ ತೆಗೆದಿಟ್ಟ.

"ಇದು ಬೇಡಪ್ಪಾ," ಅಂದಳು ಅಜ್ಜಿ. "ಇದನ್ನ ಬಿಟ್ಟು ಓಡಿಹೋಗೋ ಮುಖ ನಿಂದು. ವಾಪಸ್ ಬಂದು ಬಿಡಿಸ್ಕೊಳ್ಳೋ ಅಂಥದ್ದು ಇಡು."

ಅವನು ಚಪ್ಪಲಿ ಬಿಟ್ಟ. ಅವನ ಊರು ಎರಡು ದಿನದ ದಾರಿ, ಬರಿಗಾಲಲ್ಲಿ ಆಗುವಂಥದ್ದಲ್ಲ.

ಹಗ್ಗ ಇಳಿಬಿಟ್ಟ. ಮೊದಲ ಸಲ ಬಂದದ್ದು ತುಕ್ಕು ಹಿಡಿದ ಬಕೆಟ್ಟು. ಆಮೇಲೆ ಹಿಡಿಯಿಲ್ಲದ ಸೌಟು. ಆಮೇಲೆ ಬಹಳ ಹೊತ್ತು ಬರೀ ಪಾಚಿ.

ಹೊತ್ತು ಇಳಿಯುವಾಗ ಕೊಕ್ಕೆಗೆ ಏನೋ ತಾಗಿತು. ಜಾರಿತು. ಮತ್ತೆ ತಾಗಿತು. ಮುಪ್ಪಣ್ಣನ ಮೊಣಕೈವರೆಗೂ ಜುಮ್ಮೆಂದಿತು.

"ಇದೆ ಬುದ್ಧಿ! ಇದೆ!"

"ಕಂಡೆಯಾ?"

"ಇಲ್ಲ. ತಾಗಿತು."

"ಸದ್ದೇನೂ ಬರಲಿಲ್ಲವಲ್ಲ. ನಾನು ಹೇಗೆ ನಂಬಲಿ?"

"ಹಗ್ಗ ಇರೋದು ನನ್ನ ಕೈಲಿ ಬುದ್ಧಿ! ಪಕ್ಕದಲ್ಲಿ ಕೂತ ನಿಮಗೆ ಹೇಗೆ ಗೊತ್ತಾಗಬೇಕು? ಬೇಕಾದ್ರೆ ಆಣೆ ಇಡ್ತೀನಿ. ತಂಬಿಗೆ ಕೆಳಗಿದೆ!"

ಎದೆ ಉಬ್ಬಿಸಿ ನಿಂತಿದ್ದ. ಆರು ವರ್ಷದಲ್ಲಿ ಅಷ್ಟು ನೆಟ್ಟಗೆ ಅವನು ಯಾವತ್ತೂ ನಿಂತಿರಲಿಲ್ಲ.

ಗುರುಗಳು ಶಾಲು ಸರಿಸಿದರು. ಮಡಿಲಲ್ಲಿ ತಂಬಿಗೆ ಇತ್ತು.

ಮುಪ್ಪಣ್ಣನ ಬಾಯಿ ಹಾಗೇ ತೆರೆದುಕೊಂಡಿತು.

"ಸುಳ್ಳು ಹೇಳಿದ್ರಾ ಬುದ್ಧಿ?"

"ಕಾಣ್ತಿಲ್ಲ ಅಂದೆ ಅಷ್ಟೆ. ಶಾಲಿನ ಒಳಗಿದ್ದದ್ದು ಕಾಣೋದು ಹೇಗೆ? ಬಾವಿಗೆ ಹಾಕಿದ್ದು ಮಣ್ಣಿನ ಹೆಂಟೆ. ಅದು ಆಗಲೇ ಕರಗಿರುತ್ತೆ."

"ಹಾಗಾದ್ರೆ ತಾಗಿದ್ದೇನು?"

"ಯಾರದೋ ತೂತುಬಿದ್ದ ಕೊಡ ಇರಬಹುದು."

"ಇರಬಹುದು."

"ಬಂಡೆ ಇರಬಹುದು."

"ಅದೂ ಇರಬಹುದು," ಎಂದ ಮುಪ್ಪಣ್ಣ. ಹಗ್ಗ ಮಾತ್ರ ಬಿಡಲಿಲ್ಲ.

"ಹೊತ್ತಾಯ್ತು ಮಗಾ. ಗರಡಿ ಕೊಟ್ಟು, ಚಪ್ಪಲಿ ಬಿಡಿಸ್ಕೊಂಡು ಹೊರಡು. ಕತ್ತಲಾದ್ರೆ ದಾರಿ ಕಷ್ಟ."

ಮುಪ್ಪಣ್ಣ ಬಗ್ಗಿ ಬಾವಿಯೊಳಗೆ ನೋಡಿದ. ಕಂಡದ್ದು ಕಪ್ಪು ನೀರು. ಬೆರಳು ಹಗ್ಗದ ಮೇಲೆ ಬಿಗಿಯಾಗಿತ್ತು.

"ಹೊನ್ನಜ್ಜಿಗೆ ಒಂದು ಮಾತು ಹೇಳಿ ಬುದ್ಧಿ. ಆ ಚಪ್ಪಲಿ ಯಾರ ಕಾಲಿಗಾದರೂ ಆದ್ರೆ ಕೊಟ್ಟುಬಿಡಲಿ."

ಗುರುಗಳು ಎದ್ದು ಬಂದು ಅವನ ಪಕ್ಕ ನಿಂತರು. ಮುಖದಲ್ಲಿ ಮಗ ಕುಸ್ತಿ ಗೆದ್ದ ಅಪ್ಪನ ಬಿಂಕ.

"ಸ್ವಲ್ಪ ಜರುಗು," ಎಂದರು. "ನಲವತ್ತು ವರ್ಷವಾಯ್ತು, ನನಗೂ ಅದು ಜಾರುತ್ತಲೇ ಇದೆ."

ನಿಜ ಹೇಳಬೇಕೆಂದರೆ, ನಾನು ಕೇಳಿದ ಕಥೆ ಚಪ್ಪಲಿಗೇ ಮುಗಿಯುತ್ತದೆ. ಗುರುಗಳ ಕೊನೆಯ ಮಾತು ನಾನೇ ಕಟ್ಟಿದ್ದು. ತಾಗಿದ್ದೇನು ಅಂತ ಮಾತ್ರ ನನ್ನಿಂದ ಕಟ್ಟಲಾಗಲಿಲ್ಲ.