ಮಿಲ್ಲಿನ ಬೀಗ ಕಾದ ಮಾಯಿಗ

ಪೆದ್ದರು ಎಲ್ಲಾ ಊರಲ್ಲೂ ಇದ್ದಾರೆ, ನಾನು ಇಲ್ಲ ಅನ್ನೋಲ್ಲ. ಆದರೆ ನಿಮ್ಮೂರ ಪೆದ್ದರನ್ನೆಲ್ಲ ನಮ್ಮೂರ ಮಾಯಿಗನ ಪಕ್ಕ ಸಾಲಾಗಿ ನಿಲ್ಲಿಸಿ ನೋಡಿ, ಅವರೆಲ್ಲ ಪಂಡಿತರ ಹಾಗೆ ಕಾಣ್ತಾರೆ. ಅಂಥಾ ಪೆದ್ದ ನಮ್ಮವನು!

ಒಂದು ಬೆಳಗ್ಗೆ ಅವನವ್ವ ಚಿಕ್ಕತಾಯಮ್ಮ, "ಹಾಲು ಉಕ್ತದೆ, ನೋಡ್ತಾ ಇರು ಮಗ" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಪಾತ್ರೆ ಖಾಲಿ, ಒಲೆ ಆರಿದೆ, ಮಾಯಿಗ ಬಾಯಿ ತೆರಕೊಂಡು ಕೂತಿದ್ದಾನೆ.

"ಏನ್ಲಾ ಮಾಡ್ದೆ?"

"ಹೇಳಿದ್ದೇ ಮಾಡ್ದೆ ಕಣವ್ವ! ಬುಸುಬುಸು ಅಂತ ಎದ್ದು ಬಂತು ನೋಡು, ಅಬ್ಬಬ್ಬಾ! ಪೂರ್ತಿ ಉಕ್ಕೋಗಂಟ ನೋಡ್ದೆ!"

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ನಾನು ಸತ್ತ ಮೇಲೆ ನಿಂಗೆ ಅನ್ನ ಇಕ್ಕೋರು ಯಾರ್ಲಾ?" ಅಂತ ಅತ್ತಳು. ಅತ್ತು, ಕಣ್ಣೊರೆಸಿಕೊಂಡು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ತನ್ನಣ್ಣ ಹೊಂಬಾಳೇಗೌಡನ ಕೈ ಹಿಡಿದಳು. "ಅಣ್ಣಯ್ಯ, ನಿನ್ ಜೊತೇಲಿ ಇಟ್ಕೊ. ಹೇಳಿದ್ದು ಮಾಡ್ತನೆ. ಹೇಳಿದ್ದು ಮಾತ್ರ ಮಾಡ್ತನೆ."

ಕಬ್ಬು ಅರೆಯೋ ಹಂಗಾಮಿಗೆ ಇನ್ನು ಹತ್ತು ದಿನ. ಮಿಲ್ಲು ಬಿಚ್ಚಿ ರಿಪೇರಿ ನಡೀತಿತ್ತು. ಮಾಯಿಗ ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಉಕ್ಕಿನ ಉರುಳೆಗಳು, ಒಂದೊಂದೂ ಆನೆ ಮಲಗಿದ ಹಾಗೆ! ಹಲ್ಲು ಹಲ್ಲಿನ ಚಕ್ರಗಳು, ಒಂದೊಂದೂ ಅವನ ಮನೆಗಿಂತ ಎತ್ತರ!

"ಮಾವಾ, ಇದು ಏನ್ ತಿಂತದೆ?"

"ನೀನು ಒಂದು ಬೀಡಿ ಸೇದೋದ್ರೊಳಗೆ ಲಾರಿ ಕಬ್ಬು ತಿಂತದೆ."

"ಮನುಷ್ರನ್ನ?"

ಹೊಂಬಾಳೇಗೌಡ ನಗಲಿಲ್ಲ. "ಅದಕ್ಕೆ ಕಬ್ಬು ಯಾವುದು, ಕೈ ಯಾವುದು ಅಂತ ಗೊತ್ತಾಗಲ್ಲ ಕಣ್ಲಾ."

ಮಾಯಿಗ ಕೈಮುಗಿದ.

ಮೊದಲ ದಿನವೇ ವರ್ಕ್‌ಶಾಪಿನ ಲೇತ್ ಮಿಷಿನ್ನು ತಿರುಗೋದನ್ನು ಬಗ್ಗಿ ನೋಡೋಕೆ ಹೋದ. ಹೆಗಲ ಮೇಲಿನ ಟವಲಿನ ತುದಿ ತಾಗಿತು. ಸರ್ರ್! ಟವಲು ಮಾಯ! ಮಾವ ಹಿಡಿದು ಎಳೆಯದಿದ್ದರೆ ಕುತ್ತಿಗೆಯೂ ಮಾಯ.

"ತಿರುಗೋದ್ರ ಹತ್ರ ಹೋಗೋವಾಗ ಜೋಲಾಡೋ ಬಟ್ಟೆ ಇರಬಾರದು ಕಣ್ಲಾ! ಬಿಚ್ಚಿಟ್ಟು ಹೋಗು!"

"ಆಗಲಿ ಮಾವ!"

ಮಾರನೇ ದಿನ ಮ್ಯಾನೇಜರ್ ಸಾಹೇಬರ ಕೋಣೆಗೆ ಒಂದು ಚೀಟಿ ಕೊಟ್ಟು ಬಾ ಅಂತ ಕಳಿಸಿದರು. ಮಾಯಿಗ ಬಾಗಿಲಲ್ಲಿ ತಲೆಯೆತ್ತಿ ನೋಡಿದ. ಫ್ಯಾನು ತಿರುಗ್ತಾ ಇದೆ! ಅಂಗಿ ಬಿಚ್ಚಿದ, ಪಂಚೆ ಬಿಚ್ಚಿದ, ಬರೀ ಚಡ್ಡಿಯಲ್ಲಿ ಒಳಗೆ ಹೋದ. ಟೈಪಿಸ್ಟಮ್ಮ ಕಿಟಾರನೆ ಕಿರುಚಿ ಓಡಿದಳು.

"ಏಯ್! ಏನೋ ಇದು?" ಅಂದರು ಸಾಹೇಬರು.

"ನಿಮ್ಮದೂ ಬಿಚ್ಚಿ ಸಾಮಿ, ಬೇಗ! ತಲೆ ಮೇಲೇ ತಿರುಗ್ತಾ ಅದೆ!"

ಮಾವ ಓಡಿಬಂದು ಪಂಚೆ ಸುತ್ತಿ ಎಳಕೊಂಡು ಹೋದ. "ಮಾನ ಕಳೆದೆಯಲ್ಲೋ! ಬಟ್ಟೆ ಬಿಚ್ಚೋದಲ್ಲ, ಕೆಲಸಕ್ಕೆ ಕೈ ಹಾಕೋ ಮುಂಚೆ ಕರೆಂಟು ಆರಿಸು!"

"ಆಗಲಿ ಮಾವ!"

ಮೂರನೇ ದಿನ ಅಂಗಳ ಗುಡಿಸು ಅಂದರು. ಮಾಯಿಗ ಪೊರಕೆ ಹಿಡಿದ. ಕೆಲಸಕ್ಕೆ ಕೈ ಹಾಕೋ ಮುಂಚೆ? ಸೀದಾ ಹೋಗಿ ಕಾರ್ಖಾನೆಯ ದೊಡ್ಡ ಸ್ವಿಚ್ಚನ್ನೇ ಕೆಳಗೆಳೆದ. ವೆಲ್ಡಿಂಗ್ ನಿಂತಿತು, ಕ್ರೇನು ನಿಂತಿತು. ಕ್ರೇನಿನಲ್ಲಿ ನೇತಾಡ್ತಿದ್ದ ಉರುಳೆ ನಡುಗಾಳಿಯಲ್ಲೇ ನಿಂತಿತು. ಮಾಯಿಗ ನೆಮ್ಮದಿಯಾಗಿ ಗುಡಿಸಿದ.

ಸಾಹೇಬರು ಕೆಂಡವಾದರು. "ಇನ್ನೊಂದು ಸಲ ಹಿಂಗಾದರೆ ಇವನು ಗೇಟಿನಾಚೆ!"

ಸಂಜೆ ಚಿಕ್ಕತಾಯಮ್ಮ ಬಾಗಿಲಲ್ಲೇ ಕಾದಿದ್ದಳು. "ಏನ್ಲಾ ಮಾಡ್ದೆ ಮಗ?"

"ಹೇಳಿದ್ದೇ ಮಾಡ್ದೆ ಕಣವ್ವ."

"ಅಯ್ಯೋ, ನನ್ ಹೊಟ್ಟೆ ಉರಿಯಾ! ಇದೂ ಹೋದ್ರೆ ನಿಂಗೆ ಇನ್ ಯಾವ ಬಾಗಿಲೂ ಇಲ್ಲ ಕಣೋ!"

ಬೆಳಗ್ಗೆ ಮಾವ ಅವನ ಕೈಗೆ ಒಂದು ಹಿತ್ತಾಳೆ ಬೀಗ ಕೊಟ್ಟ. "ಊರೋರ ಸ್ವಿಚ್ಚು ಮುಟ್ಟಬೇಡ. ನಾನು ಮಿಲ್ಲಿನೊಳಗೆ ಇಳಿತೀನಿ. ಮಿಲ್ಲಿನ ಸ್ವಿಚ್ಚು ಆರಿಸಿ ಈ ಬೀಗ ಜಡಿ, ಕೀ ಉಡಿದಾರಕ್ಕೆ ಕಟ್ಕೊ. ಬ್ರಹ್ಮ ಬಂದ್ರೂ ಕೊಡಬೇಡ. ನಾನೇ ಬಂದು ಕೇಳಿದ್ರೆ ಕೊಡು."

"ಆಗಲಿ ಮಾವ!"

ಮಧ್ಯಾಹ್ನ ಊಟದ ಸೈರನ್ ಕೂಗಿತು. ಒಳಗಿದ್ದ ಆಳುಗಳು ಒಬ್ಬೊಬ್ಬರಾಗಿ ಹತ್ತಿ ಬಂದು ಕೈ ತೊಳೆಯೋಕೆ ಹೋದರು. ಅದೇ ಹೊತ್ತಿಗೆ ಕಾರ್ಖಾನೆಯ ಅಧ್ಯಕ್ಷರ ಕಾರು ಬಂತು. ಮಿಲ್ಲು ತಿರುಗೋದನ್ನು ಅವರು ಈಗಲೇ ನೋಡಬೇಕಂತೆ! ಸಾಹೇಬರು ಓಡಿ ಬಂದರು.

"ಬೀಗ ತೆಗಿಯೋ!"

"ನೀವು ಬ್ರಹ್ಮನಾ ಸಾಮಿ?"

"ಏನಂದೆ?"

"ಬ್ರಹ್ಮಂಗೇ ಕೊಡಬ್ಯಾಡ ಅಂದವ್ರೆ. ನೀವು ಅವನಿಗಿಂತ ಮ್ಯಾಲಾ, ಕೆಳಗಾ?"

ಅಧ್ಯಕ್ಷರು ನಕ್ಕುಬಿಟ್ಟರು. ಸಾಹೇಬರಿಗೆ ಮೈಯೆಲ್ಲ ಉರಿಯಿತು. "ಎಲ್ಲಾರೂ ಊಟಕ್ಕೆ ಹೋಗಿದ್ದಾರೆ ಕಣೋ ಕತ್ತೆ! ಕೊಡು, ಇಲ್ಲಾಂದ್ರೆ ಇವತ್ತಿಗೆ ನಿನ್ನ ಕೆಲಸ ಹೋಯ್ತು!"

ಮಾಯಿಗನಿಗೆ ಅವ್ವನ ಮುಖ ಕಣ್ಣಮುಂದೆ ಬಂತು. ಇನ್ ಯಾವ ಬಾಗಿಲೂ ಇಲ್ಲ ಅಂದಿದ್ದಳು. ಆದರೆ ಕೇಳ್ತಿರೋದು ಮಾವ ಅಲ್ಲವಲ್ಲ! ಕೀ ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಬೋರಲು ಮಲಗಿಬಿಟ್ಟ. ಇಬ್ಬರು ಕಾವಲುಗಾರರು ಎಳೆದರು, ನಾಲ್ಕು ಜನ ಎಳೆದರು. ಏಳಲಿಲ್ಲ. "ಸುತ್ತಿಗೆ ತರ್ರೋ! ಬೀಗ ಒಡೀರಿ!" ಅಂತ ಸಾಹೇಬರು ಕೂಗಿದರು.

ಸುತ್ತಿಗೆ ಮೇಲೆತ್ತಿದ್ದರು. ಆಗ ಕಬ್ಬು ಬೀಳೋ ಬಾಯಿಯಿಂದ ಒಂದು ಕೈ ಮೇಲೆ ಬಂತು. ಗ್ರೀಸು ಬಳಿದ ಕಪ್ಪು ಕೈ. ಆಮೇಲೆ ತಲೆ ಬಂತು.

"ಹಾಳು ಸ್ಪ್ಯಾನರು, ಉರುಳೆ ಸಂದೀಲಿ ಬಿದ್ದಿತ್ತು" ಅಂದ ಹೊಂಬಾಳೇಗೌಡ. "ಏನು, ಎಲ್ಲಾ ಹಿಂಗೆ ನಿಂತಿದ್ದೀರಿ?"

ಸುತ್ತಿಗೆ ಹಿಡಿದವನ ಕೈ ಹಾಗೇ ಇಳಿಯಿತು. ಸಾಹೇಬರು ಇದ್ದಲ್ಲೇ ಕುಸಿದು ಕೂತರು. ಎಲ್ಲರೂ ನೆಲದ ಮೇಲೆ ಬೋರಲು ಬಿದ್ದಿದ್ದ ನಮ್ಮ ಮಾಯಿಗನನ್ನೇ ನೋಡಿದರು, ದೇವರನ್ನು ನೋಡಿದ ಹಾಗೆ!

ಮಾವ ಅವನನ್ನು ಎತ್ತಿ ತಬ್ಬಿಕೊಂಡ. "ಇನ್ನು ಈ ಬೀಗ ನಿಂದೇ ಕಣ್ಲಾ. ಒಳಗೆ ಹೋದೋರು ಯಾರೇ ಆಗಲಿ, ಹೊರಗೆ ಬಂದು ಮುಖ ತೋರಿಸೋ ತನಕ ತೆಗೀಬೇಡ."

"ಆಗಲಿ ಮಾವ!"

ಆರು ದಿನ ಕಳೆಯಿತು. ಹಂಗಾಮಿನ ಪೂಜೆ. ಮಿಲ್ಲಿಗೆ ಬಾಳೆಕಂದು, ಹೂವು, ಕುಂಕುಮ. ಹೊಸ ಸೀರೆ ಉಟ್ಟು ಚಿಕ್ಕತಾಯಮ್ಮನೂ ಬಂದಿದ್ದಳು. ಐನೋರು ಕರ್ಪೂರ ಬೆಳಗಿದರು, ತೆಂಗಿನಕಾಯಿ ಒಡೆದರು. ಅಧ್ಯಕ್ಷರು ಮೊದಲ ಕಬ್ಬು ಹಿಡಿದು ನಿಂತರು. "ಹ್ಞೂಂ, ಶುರುಮಾಡಿ!"

ಮಾಯಿಗ ಅಲುಗಲಿಲ್ಲ. ಉಡಿದಾರದ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ಬೀಗ ತೆಗಿಯಾಕಿಲ್ಲ! ಒಳಗೆ ಒಬ್ರು ಅವ್ರೆ!"

ಅಧ್ಯಕ್ಷರ ಕೈಯಿಂದ ಕಬ್ಬು ಬಿತ್ತು. ಆಳುಗಳನ್ನು ಎಣಿಸಿದರು. ಎಲ್ಲರೂ ಇದ್ದಾರೆ. ಮತ್ತೆ ಎಣಿಸಿದರು. ಇದ್ದಾರೆ. ಮಾವ ಬ್ಯಾಟರಿ ಹಿಡಿದು ಒಳಗೆ ಇಳಿದ, ಉರುಳೆ ಉರುಳೆ ಹುಡುಕಿ ಬೆವೆತು ಹತ್ತಿ ಬಂದ.

"ಯಾರೂ ಇಲ್ವಲ್ಲೋ! ಯಾರ್ಲಾ ಒಳಗಿರೋದು?"

"ಐನೋರು ಈಗ ತಾನೆ ಕೂಗಿ ಕರೆದ್ರಲ್ಲ ಮಾವ! 'ತಾಯೇ ಮಹಾಲಕ್ಷ್ಮೀ, ಬಾ, ಈ ಯಂತ್ರದೊಳಗೆ ಬಂದು ನೆಲೆಸು' ಅಂತ!" ಅಂದ ಮಾಯಿಗ. "ಆಯಮ್ಮ ಹೊರಗೆ ಬಂದು ಮುಖ ತೋರಿಸಲಿ, ತೆಗೀತೀನಿ."

ಚಿಕ್ಕತಾಯಮ್ಮ ಹೊಸ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು ಹೊಳೆ ತನಕ ನಿಂತಿತ್ತು.

ಮಾಯಿಗ ಮಾತ್ರ ಮಿಲ್ಲಿನ ಬಾಯಿಗೆ ಬಗ್ಗಿ, ಕೈಮುಗಿದು, ಮೆಲ್ಲಗೆ ಕರೀತಿದ್ದ:

"ಬಾ ತಾಯಿ. ಹುಷಾರು, ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬಾ."