ಎರಡು ಕಿಟಕಿಗಳಿಗೆ ಒಂದೇ ಪರದೆ

"ಗುರುಗಳೇ, ಒಳ್ಳೆಯದು ಮಾಡಿದವನ ಮೇಲೆಯೇ ಸಿಟ್ಟಾಗುವವರಿಗೆ ಮತ್ತೆ ಒಳ್ಳೆಯದು ಮಾಡಬೇಕೆ?" ಎಂದು ತಿಮ್ಮಣ್ಣನೆಂಬ ಶಿಷ್ಯ ಕೇಳಿದ.

ಅವನು ಹೀಗೆ ಕೇಳಲು ಕಾರಣವಿತ್ತು. ಆಶ್ರಮದಲ್ಲಿ ಜ್ವರದಿಂದ ಮಲಗಿದ್ದ ಒಬ್ಬ ಮುದುಕನ ಆರೈಕೆ ತಿಮ್ಮಣ್ಣನದಾಗಿತ್ತು. ಮುದುಕ ಮೂರು ದಿನದಿಂದ ತೆಳ್ಳನೆಯ ಗಂಜಿ ಕೇಳುತ್ತಿದ್ದ. ಅತಿಥಿಗೆ ಬರೀ ಗಂಜಿ ಕೊಟ್ಟರೆ ಆಶ್ರಮಕ್ಕೆ ಶೋಭೆಯಲ್ಲವೆಂದು ತಿಮ್ಮಣ್ಣ ಅಂದು ತುಪ್ಪ ಸುರಿದ ಸಿಹಿ ಪೊಂಗಲ್ ಒಯ್ದಿದ್ದ. ಮುದುಕ ತಟ್ಟೆಯನ್ನು ಗೋಡೆಗೆ ಎಸೆದಿದ್ದ. ತಿಮ್ಮಣ್ಣನ ಮುಖ ಇನ್ನೂ ಕೆಂಪಾಗಿತ್ತು. ತಟ್ಟೆ ಅವನಿಗೆ ತಗುಲಿರಲಿಲ್ಲ. ಆ ಕೆಂಪು ಸಿಟ್ಟಿನದು.

ಗುರುಗಳು ಉತ್ತರದ ಬದಲು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆಂದು ಅವನು ಬೀದಿಬದಿಯ ಉಗ್ರಾಣವನ್ನು ಮಲಗುವ ಕೋಣೆಯಾಗಿ ಮಾಡಿಸಿದ. ಉಗ್ರಾಣದ ಕಿಟಕಿಗಳು ಮನುಷ್ಯರಿಗಾಗಿ ಇಟ್ಟವಲ್ಲ. ಒಂದು ಮಂಡಿಯ ಎತ್ತರದಲ್ಲಿತ್ತು, ಮೂಟೆಗಳನ್ನು ಬೀದಿಯಿಂದ ಒಳಗೆ ತಳ್ಳುವುದಕ್ಕಾಗಿ. ಇನ್ನೊಂದು ಸೂರಿನ ಹತ್ತಿರ, ಒಂದಿಷ್ಟು ಪಕ್ಕಕ್ಕೆ ಇತ್ತು, ಸರಕಿಗೆ ಗಾಳಿಯಾಡಲೆಂದು. ಎರಡೂ ಒಂದೇ ಗೋಡೆಯಲ್ಲಿ, ಪೂರ್ವಕ್ಕೆ, ಬೀದಿಯ ಕಡೆಗೆ ಇದ್ದವು. ಅದನ್ನು ನೋಡಿ ದಾರಿಹೋಕರು ನಗುತ್ತಿದ್ದರು.

"ಏನ್ ಸಾಹುಕಾರ್ರೇ, ಮನೆಗೆ ಮೆಳ್ಳೆಗಣ್ಣು ಬಂತಲ್ಲ!" ಎನ್ನುತ್ತಿದ್ದರು.

ಮಗಳು ಹೆತ್ತಳು. ಹೆಣ್ಣುಮಗು. ಆ ಊರಿನ ಪದ್ಧತಿಯಂತೆ ಹತ್ತು ದಿನ ಗಂಡಸರು ಬಾಣಂತಿಯ ಕೋಣೆಗೆ ಹೋಗುವಂತಿರಲಿಲ್ಲ. ಆದ್ದರಿಂದ ವರ್ತಕ ಬಾಗಿಲ ಹೊರಗೆ ನಿಂತೇ ಮಾತಾಡಿಸುತ್ತಿದ್ದ. ಕೋಣೆ ಕಿರಿದಾಗಿದ್ದುದರಿಂದ ಮಂಚವನ್ನು ಕಿಟಕಿಗಳ ಎದುರಿಗೇ ಹಾಕಬೇಕಾಗಿತ್ತು. ಮಗು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ, ಬೆಳಗಾಗುವಾಗ ಮಲಗುತ್ತಿತ್ತು. ಆಗಲೇ ಮೇಲಿನ ಕಿಟಕಿಯ ಬಿಸಿಲು ತಾಯಿ ಮಗು ಇಬ್ಬರ ಕಣ್ಣಿಗೂ ಹೊಡೆಯುತ್ತಿತ್ತು. ಕೆಳಗಿನ ಕಿಟಕಿಯಲ್ಲಿ ಬೀದಿಯವರು ಬಗ್ಗಿದರೆ ಮಂಚವೇ ಕಾಣುತ್ತಿತ್ತು.

ಮಗಳು ಒಳಗಿನಿಂದ ಕೂಗಿ ಹೇಳಿದಳು: "ಅಪ್ಪಾ, ಪರದೆ ಹಾಕಿಸು. ಬಟ್ಟೆ ದಪ್ಪಗಿರಲಿ, ಬೆಳಕು ಬರಬಾರದು. ಅಮ್ಮನ ಕೈಲಿ ಒಳಗಿನಿಂದ ಕಟ್ಟಿಸು. ಎಳೆಯೋಕೆ ನನ್ನ ಕೈಗೆ ಎಟುಕಬೇಕು."

ವರ್ತಕ ಅಂದೇ ದರ್ಜಿಯನ್ನು ಕರೆಸಿದ. ದರ್ಜಿಯೂ ಗಂಡಸಾದ್ದರಿಂದ ಬೀದಿಯಲ್ಲಿ ನಿಂತು ಅಳತೆ ತೆಗೆದ. ವರ್ತಕ ಎದುರು ಸಾಲಿನ ಜಗಲಿಯ ಮೇಲೆ ನಿಂತು ನೋಡಿದ. ಒಂದೊಂದು ಕಿಟಕಿಗೆ ಒಂದೊಂದು ತುಂಡು ಹಾಕಿದರೆ ಮೆಳ್ಳೆಗಣ್ಣು ಇನ್ನೂ ಎದ್ದು ಕಾಣುತ್ತದೆಂದು ಅವನಿಗನ್ನಿಸಿತು. ಅದಕ್ಕಾಗಿ ಸೂರಿನಿಂದ ನೆಲದವರೆಗೆ ಒಂದೇ ಉದ್ದನೆಯ ಪರದೆ ಹೊಲಿಸಿದ. ದಪ್ಪ ಬಟ್ಟೆ ಗೋಣಿಯಂತೆ ಕಾಣುತ್ತದೆಂದು ಜರಿ ಅಂಚಿನ ತೆಳು ಗಿಳಿಹಸಿರು ಬಟ್ಟೆ ಆರಿಸಿದ. ಒಳಗೆ ಕಟ್ಟಿದರೆ ಯಾರಿಗೂ ಕಾಣುವುದಿಲ್ಲವಲ್ಲ, ಹೊರಗೆ ಕಟ್ಟಿಸಿದ. ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆ ಬಟ್ಟೆಗಾಗಿ ಅವನು ಇಡೀ ಪೇಟೆ ಸುತ್ತಿದ್ದ.

ಬೀದಿಯವರು ನಗುವುದನ್ನು ಬಿಟ್ಟು ಹೊಗಳಿದರು. ಒಳಗೆ ಬಿಸಿಲು ಹಸಿರಾಗಿ ಬಂದು ಅದೇ ಕಣ್ಣಿಗೆ ಹೊಡೆಯಿತು. ಮಗುವನ್ನು ನೋಡಬೇಕೆನಿಸಿದವರು ಹೊರಗಿನಿಂದಲೇ ಪರದೆಯ ಅಂಚು ಎತ್ತಿ ಇಣುಕಿದರು.

ಮಗಳು ಮತ್ತೆ ಹೇಳಿದಳು. ತಾಯಿಯಿಂದ ಹೇಳಿಸಿದಳು. ಸೂಲಗಿತ್ತಿಯಿಂದಲೂ ಹೇಳಿಸಿದಳು. ಕಡೆಗೆ ಕಿರುಚಿದಳು: "ಬೀದೀಲಿ ಯಾರೂ ಮಲಗಲ್ಲ ಅಪ್ಪಾ! ಮಲಗೋಳು ನಾನು, ಇಲ್ಲಿ!"

"ಹಸಿ ಬಾಣಂತಿ ಹೀಗೆ ಕಿರುಚಬಾರದಮ್ಮ" ಎಂದ ವರ್ತಕ. "ಊರೇ ಚೆಂದ ಅಂತಿದೆ. ನಿನಗೊಬ್ಬಳಿಗೆ ಏನಾಯ್ತು?"

ನಿದ್ದೆಯಿಲ್ಲದೆ ಅವಳ ಹಾಲು ಕಡಿಮೆಯಾಯಿತು. ಹಾಲಿಲ್ಲದೆ ಮಗು ಅತ್ತಿತು. ಮಗು ಅತ್ತಿದ್ದರಿಂದ ಇದ್ದ ನಿದ್ದೆಯೂ ಹೋಯಿತು.

ಹನ್ನೊಂದನೆಯ ದಿನ ನಾಮಕರಣ. ನೆಂಟರು ಬಂದರು. ವರ್ತಕ ಅವರನ್ನು ಬೀದಿಗೆ ಕರೆದೊಯ್ದು ಪರದೆ ತೋರಿಸಿದ. ಜರಿಯನ್ನು ಹತ್ತಿರದಿಂದ ನೋಡಲಿ ಎಂದು ತಾನೇ ಅಂಚು ಹಿಡಿದು ಮೇಲಕ್ಕೆತ್ತಿದ. ಒಳಗೆ ಮಗಳು ಎದೆ ತೆರೆದು ಹಾಲೂಡಿಸುತ್ತಿದ್ದಳು. ಅಷ್ಟು ಜನರೂ ನೋಡಿದರು.

ಅವಳು ಸೆರಗು ಎಳೆದುಕೊಂಡು ಮಗುವನ್ನು ಮಂಚದ ಮೇಲೆ ಮಲಗಿಸಿದಳು. ಕಿಟಕಿಯಿಂದ ಕೈ ಚಾಚಿ ಪರದೆಯನ್ನು ಎರಡೂ ಕೈಯಲ್ಲಿ ಜಗ್ಗಿದಳು. ಸೂರಿನ ಮೊಳೆಗಳು ಕಿತ್ತು ಬಂದವು. ಬಟ್ಟೆಯನ್ನು ಮುದ್ದೆ ಮಾಡಿ ಚರಂಡಿಗೆ ಎಸೆದಳು.

"ತಗೋ, ನಿನ್ನ ಬೀದಿಗೇ ಉಡಿಸು!" ಎಂದಳು.

"ನೆಂಟರೆದುರಿಗೆ ಹೆತ್ತಪ್ಪನ ಮಾನ ಕಳೆದೆಯಲ್ಲೇ!" ಎಂದು ವರ್ತಕ ಅಬ್ಬರಿಸಿದ.

ಅವಳು ಮಗುವನ್ನೆತ್ತಿಕೊಂಡು ಅದೇ ಊರಿನಲ್ಲಿದ್ದ ದೊಡ್ಡಮ್ಮನ ಮನೆಗೆ ಹೋದಳು. ಅಲ್ಲಿ ಕಿಟಕಿಗೆ ಒಳಗಿನಿಂದ ಒಂದು ಗೋಣಿಚೀಲವನ್ನು ಮೊಳೆ ಹೊಡೆದು ಕಟ್ಟಿಕೊಟ್ಟರು. ತಾಯಿ ಮಗು ಇಬ್ಬರೂ ಮರುದಿನ ಮಧ್ಯಾಹ್ನದವರೆಗೆ ಮಲಗಿದರು. ಅವಳಿಗೆ ಮತ್ತೆ ಹಾಲು ಬಂತು. ಅವಳು ತಂದೆಯ ಮನೆಗೆ ತಿರುಗಿ ಬರಲಿಲ್ಲ. ವರ್ತಕ ಪರದೆಯನ್ನು ಒಗೆಸಿ ಅದೇ ಜಾಗಕ್ಕೆ ಕಟ್ಟಿಸಿದ. ಆಮೇಲೆ ಸಿಕ್ಕಿದವರಿಗೆಲ್ಲ, ಮಗಳಿಗೆ ಎಷ್ಟು ಮಾಡಿದರೂ ಇಷ್ಟೇ ಎಂದು ಹೇಳುತ್ತ ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಗಡುಸಾಗಿತ್ತು. ಕತೆ ಹೇಳುವಾಗ ಅವರು ಸಾಮಾನ್ಯವಾಗಿ ಹಾಗಿರುತ್ತಿರಲಿಲ್ಲ.

ತಿಮ್ಮಣ್ಣ ಸ್ವಲ್ಪ ಯೋಚಿಸಿದ. ತನಗೆ ನೀತಿ ತಿಳಿಯಿತೆಂದು ಅವನಿಗೆ ಅನ್ನಿಸಿತು. "ಅರ್ಥವಾಯಿತು ಗುರುಗಳೇ" ಎಂದ. "ಆ ವರ್ತಕ ಒಂದು ಸಲವಾದರೂ ಆ ಮಂಚದ ಮೇಲೆ ತಾನೇ ಮಲಗಿ ನೋಡಬೇಕಿತ್ತು. ಆಗ ಮಗಳ ಕಷ್ಟ ಏನೆಂದು ತಿಳಿಯುತ್ತಿತ್ತು."

"ಅವಳು ಬಾಯಿಬಿಟ್ಟು ಹೇಳಿದ್ದಳಲ್ಲ, ಇವನು ಮಲಗಿ ನೋಡುವುದು ಯಾತಕ್ಕೆ?" ಎಂದರು ಗುರುಗಳು.

ತಿಮ್ಮಣ್ಣ ತಲೆ ತಗ್ಗಿಸಿದ. ಆಮೇಲೆ ಎದ್ದು ಗಂಜಿ ಕಾಯಿಸಲು ಅಡುಗೆಮನೆಗೆ ಹೋದ.