ಗರಡಿಯ ಬಿದಿರುಬಳೆ

ಒಂದಾನೊಂದು ಕಾಲದಲ್ಲಿ, ಮಕ್ಕಳ ಮೈಯನ್ನು ಬಿದಿರಿನ ಬಳೆಯಿಂದ ಅಳೆಯುತ್ತಿದ್ದ ಬುದ್ಧಿಗೇಡಿ ಊರೊಂದಿತ್ತಂತೆ. ಇವತ್ತು ಶಾಲೆಯ ಬಯಲಿನಲ್ಲಿ ನಿನ್ನನ್ನು ಓಟದ ಸಾಲಿನಿಂದ ಹೊರಗೆ ನಿಲ್ಲಿಸಿ ನಕ್ಕರಂತಲ್ಲ ಮಗಳೆ, ಅದನ್ನು ಕೇಳಿದಾಗಿನಿಂದ ನನ್ನ ಎದೆ ಕುದಿಯುತ್ತಿದೆ. ಆದಕಾರಣ ಈ ಕತೆ ಮೆತ್ತಗೆ ಬರುವುದಿಲ್ಲ.

ಆ ಊರಿನಲ್ಲೊಂದು ಗರಡಿಮನೆ. ಒಳಗೆ ಎಣ್ಣೆ ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಪ್ಪನ ಗೂಡು, ಗೂಡಿನ ಕೆಳಗೆ ಮೊಳೆಗೆ ತೂಗುಹಾಕಿದ ಒಂದು ಬಿದಿರಿನ ಬಳೆ. ಶನಿವಾರ ಬಂತೆಂದರೆ ಆ ಬಳೆಗೂ ಕುಂಕುಮ, ಊದುಬತ್ತಿ. ಹೆಣ್ಣು ಗಂಡೆನ್ನದೆ ಊರಿನ ಮಕ್ಕಳೆಲ್ಲ ವರುಷಕ್ಕೊಮ್ಮೆ ಅದರೊಳಗೆ ನುಸುಳಬೇಕು. ನುಸುಳಿದವರ ಭುಜಕ್ಕೆ ಭರಮಣ್ಣನೆಂಬ ವಸ್ತಾದ ಅಖಾಡದ ಮಣ್ಣು ಬಳಿದು ಸಾಮು ಕಲಿಸಲು ಕರೆದುಕೊಳ್ಳುತ್ತಿದ್ದನಂತೆ, ಸಿಕ್ಕಿಕೊಂಡವರು ಬರಿಯ ಭುಜದಲ್ಲಿ ಬೀದಿಯುದ್ದ ನಡೆದು ಮನೆ ಸೇರಬೇಕಿತ್ತಂತೆ. ಯಾರಿಗೆ ಸಾಮು ಬೇಕಿತ್ತೋ ಅವರಿಗೇ ಬಾಗಿಲು ಮುಚ್ಚಿದ್ದರು. ಅಂಥ ಜಾಣರು.

ಬುಟ್ಟಿ ಹೆಣೆಯುವ ಮೇದರ ಕೇತವ್ವನಿಗೆ ಹೊನ್ನಾಜಿ ಎಂಬ ಮೊಮ್ಮಗಳು. ದುಂಡು ಮೈ, ನಿಲ್ಲದ ಕಾಲು. ಮೆಳೆಯಿಂದ ಮನೆಯವರೆಗೆ ಬಿದಿರಿನ ಗಳು ಹೊತ್ತುಕೊಂಡೇ ಓಡಿಬರುತ್ತಿದ್ದಳಂತೆ. ಮೊದಲನೆಯ ವರುಷ ಬಳೆ ಅವಳ ಸೊಂಟಕ್ಕೆ ಸಿಕ್ಕಿಕೊಂಡಿತು. ನೋಡ್ರೋ, ಕಡುಬು ಪಾತ್ರೆಯಲ್ಲೇ ಉಳೀತು ಅಂದನಂತೆ ವಸ್ತಾದ, ಊರು ನಕ್ಕಿತಂತೆ. ಆಮೇಲೆ, ಓಡಿದರೆ ಮೈ ಕುಲುಕುವುದನ್ನು ಜನ ನೋಡುತ್ತಾರೆಂದು ಅವಳು ಓಡುವುದನ್ನೇ ಬಿಟ್ಟಳಂತೆ. ಆಮೇಲೆ ಮುದ್ದೆಯನ್ನು ಲಂಗದ ಮಡಿಲಲ್ಲಿ ಬಚ್ಚಿಟ್ಟು ಕೋಳಿಗೆ ಹಾಕಿ ಹಾಕಿ, ಎರಡನೆಯ ವರುಷ ಬಳೆಯ ಮುಂದೆ ನಿಲ್ಲಲೂ ತ್ರಾಣವಿಲ್ಲದೆ ಕಣ್ಣುಕತ್ತಲೆ ಬಂದು ಬಿದ್ದಳಂತೆ. ಆಗಲೂ ನಕ್ಕರಂತೆ. ಆಮೇಲೆ ಹಾಸಿಗೆ ಹಿಡಿದಳು. ಮೀಯಲು ಕರೆದರೆ ನನ್ನ ಮೈಯನ್ನು ನಾನು ನೋಡಲಾರೆನೆಂದು ಅಳುತ್ತಿದ್ದಳಂತೆ. ಹತ್ತು ವರುಷದ ಕೂಸು, ಮಗಳೆ.

ಮೂರನೆಯ ವರುಷ ಗರಡಿಯಿಂದ ಕರೆ ಬಂದಾಗ ಕೇತವ್ವ ಎದ್ದಳು. ದೊಡ್ಡ ಹೆಂಗಸರು ಗರಡಿಯ ಹೊಸ್ತಿಲು ತುಳಿಯಬಾರದೆಂಬ ಕಟ್ಟಳೆಯನ್ನು ಕಾಲಿನಿಂದ ಒದ್ದು, ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ಬಿದಿರು ಸೀಳುವ ಕತ್ತಿಯನ್ನೂ ಹಿಡಿದು ಒಳಹೊಕ್ಕಳಂತೆ. ಹೊಕ್ಕವಳು ಬಳೆಯ ಗಂಟನ್ನು ನೋಡಿ ನಿಂತಳು. ಎಡಗೈಯವಳು ಸುತ್ತಿದ ಗಂಟು. ಆ ಊರಿನಲ್ಲಿ ಎಡಗೈಯಲ್ಲಿ ಹೆಣೆಯುವ ಮೇದರವಳು ಅವಳೊಬ್ಬಳೇ.

“ಭರಮಣ್ಣ, ಇದು ನಿನ್ನಪ್ಪನಿಗೆ ನಾನು ಕಟ್ಟಿಕೊಟ್ಟ ಕೋಳಿಪಂಜರದ ಬಾಯಿ. ಪಂಜರ ಲಡ್ಡಾಗಿ ಮುರಿದುಬಿತ್ತು, ಬಾಯಿ ಉಳಿಯಿತು. ಅವನು ಮೊಳೆಗೆ ಸಿಕ್ಕಿಸಿದ್ದನ್ನು ನೀನು ದೇವರು ಮಾಡಿದೆ. ಹುಂಜದ ಅಳತೆಗೆ ನನ್ನ ಕೂಸನ್ನು ತೂರಿಸಿದೆಯಲ್ಲೋ.”

ವಸ್ತಾದನ ಮುಖ ಕೆಂಪಾಯಿತಂತೆ. ಕೋಳಿಯದಾದರೇನು, ಗಟ್ಟಿಮುಟ್ಟಾದ ಮೈ ಇದರಲ್ಲಿ ನುಸುಳಿಯೇ ನುಸುಳುತ್ತದೆ ಅಂದನಂತೆ. ಹಾಗಾದರೆ ನೀನೇ ನುಸುಳು ಅಂದಳು ಮುದುಕಿ. ನೂರು ಕುಸ್ತಿ ಗೆದ್ದ ಆಳು, ಕೈಗಳೆರಡನ್ನೂ ಮೇಲೆತ್ತಿ ಬಳೆಯನ್ನು ತಲೆಯ ಮೇಲಿನಿಂದ ಇಳಿಸಿಕೊಂಡ; ಅದು ಭುಜಕ್ಕೆ ಬಂದು, ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ, ಎತ್ತಿದ ಕೈಗಳೆರಡನ್ನೂ ಕಟ್ಟಿಹಾಕಿತಂತೆ. ನೆರೆದವರು ನಗಲು ಬಾಯಿ ತೆರೆದರು.

ಎರಡು ವರುಷ ಮನೆಯಾಚೆ ಮಾತಾಡದ ಹೊನ್ನಾಜಿ ಆಗ ಮಾತಾಡಿದಳಂತೆ.

“ಯಾರೂ ನಗಬೇಡಿ. ಸಿಕ್ಕಿಕೊಂಡಾಗ ನಗು ಕೇಳಿಸಿದರೆ ಉಸಿರು ಬರೋದಿಲ್ಲ.”

ತೆರೆದ ಬಾಯಿಗಳು ಮುಚ್ಚಿದವಂತೆ. ಕೇತವ್ವ ಬಳೆಯನ್ನು ಕತ್ತಿಯಿಂದ ಸೀಳಿ ಅವನನ್ನು ಬಿಡಿಸಿ, ಚೂರುಗಳನ್ನು ಗರಡಿಯ ನೀರೊಲೆಗೆ ಎಸೆದಳು. ಆಮೇಲೆ ವಸ್ತಾದ ಅಖಾಡದ ಮಣ್ಣನ್ನು ಬೊಗಸೆಯಲ್ಲಿ ತೆಗೆದು, ಬರಿಯ ಭುಜದಲ್ಲಿ ಮನೆಗೆ ಹೋಗಿದ್ದ ಮಕ್ಕಳ ಬಾಗಿಲು ಬಾಗಿಲಿಗೂ ತಾನೇ ನಡೆದುಹೋಗಿ ಹಚ್ಚಿ ಕರೆತಂದನಂತೆ. ಹೊನ್ನಾಜಿ ಅವತ್ತು ಅಖಾಡವನ್ನು ಒಂದು ಸುತ್ತು ನಡೆದಳು, ಮನೆಗೆ ಬಂದು ಎರಡು ಮುದ್ದೆ ಉಂಡಳು. ಸುಗ್ಗಿಯ ಹೊತ್ತಿಗೆ ಅದೇ ದುಂಡು ಮೈಯಲ್ಲಿ ಅಖಾಡಕ್ಕಿಳಿದು, ಬೆವರಿ, ಕೇಕೆ ಹಾಕಿ ಆಡುತ್ತಿದ್ದಳಂತೆ.

ನಗಬೇಡಿ ಅಂದಳಲ್ಲ, ಅವಳು ದೊಡ್ಡ ಮನಸ್ಸಿನವಳು. ನಾನಾಗಿದ್ದರೆ ಮೂರೂರಿಗೆ ಕೇಳಿಸುವಂತೆ ನಗುತ್ತಿದ್ದೆ. ಕತೆಯೇನೋ ಇಲ್ಲಿಗೆ ಮುಗೀತು ಮಗಳೆ, ನನ್ನ ಸಿಟ್ಟು ಮುಗಿದಿಲ್ಲ. ನಾಳೆ ನಿನ್ನ ಜೊತೆ ಶಾಲೆಗೆ ನಾನೂ ಬರುತ್ತೇನೆ.